ಮೀನಿನ ಜ್ಯೇಷ್ಠತೆ

೨೦೦೩ನೇ ಇಸವಿ ನವೆಂಬರ್ ಹದಿನೇಳರ ಸೋಮವಾರ, ನಾಗಪುರದ ಸಿವಿಲ್ ಲೈನ್ಸ್‌ನಲ್ಲಿರುವ ಫಲ ದರ್ಜೆ ನಿಗದಿ ಮಂಡಳಿಯು ತನ್ನ ಕಂಪ್ಯೂಟರ್ ನಿಧಾನವಾಗಿದೆ ಎಂಬ ಸಂಗತಿಯನ್ನು ಅಧಿಕೃತವಾಗಿ ಗಮನಿಸಿತು. ಅದು ನಿಧಾನವಾಗಿ ಎರಡು ವರ್ಷ ಆಗಿತ್ತು. ಆದರೆ ಸರಕಾರಿ ಕಚೇರಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಗಮನಿಸುವುದಿಲ್ಲ. ಲಿಖಿತ ದೂರು ಬರಬೇಕು, ದೂರಿಗೊಂದು ನಂಬರು ಬೀಳಬೇಕು, ಆ ನಂಬರಿಗೆ ಒಂದು ಕಡತ ತೆರೆಯಬೇಕು. ಎರಡು ವರ್ಷದಿಂದ ದೂರು ಬಂದಿದ್ದವು. ಕಡತದ ರಟ್ಟು ಬಂದಿರಲಿಲ್ಲ.

ಮಂಡಳಿಯ ಕೆಲಸ ಸರಳವಾದದ್ದು. ಕಳಮನಾ ಮಾರ್ಕೆಟ್ಟಿನಿಂದ ಹೊರಹೋಗುವ ಪ್ರತಿ ಲಾರಿ ಕಿತ್ತಳೆಗೂ ‘ಇದು ಕಿತ್ತಳೆಯೇ ಹೌದು, ಒಂದನೇ ದರ್ಜೆಯದು’ ಎಂದು ಪ್ರಮಾಣಪತ್ರ ಕೊಡುವುದು. ಹಿಂದೆ ಇದನ್ನು ರುದ್ರಪ್ಪ ಎಂಬ ಕಿರಿಯ ಗುಮಾಸ್ತರು ಕಾರ್ಬನ್ ಹಾಳೆ ಇಟ್ಟು ನಾಲ್ಕು ನಿಮಿಷದಲ್ಲಿ ಬರೆದುಕೊಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ಮಂಡಳಿ ಆಧುನಿಕವಾಯಿತು. ಈಗ ಒಂದೊಂದು ಪತ್ರಕ್ಕೂ ಐವತ್ತು ನಿಮಿಷ ಹಿಡಿದು, ಲಾರಿಗಳು ದಿನಗಟ್ಟಲೆ ಸಾಲು ನಿಲ್ಲುತ್ತಿದ್ದವು. ಲಾರಿಗಳು ಕಾಯುವಷ್ಟು ಹೊತ್ತು ಹಣ್ಣು ಕೆಡಬಾರದಲ್ಲ, ಅದಕ್ಕೆ ಮಾರ್ಕೆಟ್ಟಿನ ಎದುರಿಗೇ ಒಂದು ಶೀತಲ ಗೋದಾಮು ಎದ್ದಿತ್ತು. ತಾಸಿನ ಲೆಕ್ಕದಲ್ಲಿ ಬಾಡಿಗೆ. ಅದರ ಮಾಲೀಕರು ಮಂಡಳಿಯ ಆಡಳಿತಾಧಿಕಾರಿ ಕಾಶೀನಾಥರಾಯರ ಹೆಂಡತಿಯ ತಮ್ಮ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ರಾಯರು ಯಾರೂ ಕೇಳದೆಯೇ ಎರಡು ಸಲ ಬರೆದುಕೊಟ್ಟಿದ್ದರು.

ಈ ನಿಧಾನದಿಂದ ನಿಜವಾಗಿ ಸಂಕಟಕ್ಕೆ ಬಿದ್ದವಳು ಸಾಂಖ್ಯಿಕ ಸಹಾಯಕಿ ಕೃಷ್ಣವೇಣಿ. ಗಂಡ ಕೇದಾರನಾಥ ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ. ಮದುವೆಯಾಗಿ ಏಳು ವರ್ಷ. ಇಬ್ಬರೂ ಒಂದೇ ಸೂರಿನ ಕೆಳಗೆ ಇದ್ದದ್ದು, ಹಬ್ಬದ ರಜೆ, ಗಳಿಕೆ ರಜೆ, ಕಾಮಾಲೆಯ ರಜೆ ಎಲ್ಲ ಕೂಡಿಸಿದರೆ ಹನ್ನೊಂದು ತಿಂಗಳು. ಧಾರವಾಡ ಸೀಮೆಯ ಮಾವಿನಹಣ್ಣಿಗೆಂದು ಹುಬ್ಬಳ್ಳಿಯಲ್ಲಿ ಮಂಡಳಿಯ ಉಪಕಚೇರಿ ಇತ್ತು. ಅಲ್ಲಿ ಇದ್ದದ್ದು ಸಹಾಯಕ ನಿರ್ದೇಶಕರ ಒಂದೇ ಒಂದು ಕುರ್ಚಿ. ಹೋಗಲು ಯಾವ ಸಹಾಯಕ ನಿರ್ದೇಶಕರೂ ಒಪ್ಪದ್ದರಿಂದ ‘ಕಾಯಂ ಅಧಿಕಾರಿ ದೊರೆಯುವವರೆಗೆ ಪ್ರಭಾರಿ’ ಎಂದು ಕೃಷ್ಣವೇಣಿಗೆ ವರ್ಗಾವಣೆ ಆಗಿತ್ತು. ಆದೇಶದ ಕೊನೆಯ ಸಾಲು ಮಾತ್ರ ಹೀಗಿತ್ತು: ‘ಸದರಿಯವರು ಕಂಪ್ಯೂಟರನ್ನು ಸುಸ್ಥಿತಿಯಲ್ಲಿ ಒಪ್ಪಿಸಿದ ನಂತರವೇ ಬಿಡುಗಡೆ ಹೊಂದತಕ್ಕದ್ದು.’

“ಅದು ಬಂದ ದಿನದಿಂದ ಹಿಂಗ ಐತ್ರಿ. ನಾ ಕೆಡಿಸಿಲ್ಲ,” ಎಂದಳು ಕೃಷ್ಣವೇಣಿ.

“ನೀವು ಕೆಡಿಸೀರಿ ಅಂತ ಯಾರಂದ್ರು?” ಕಾಶೀನಾಥರಾಯರು ಕನ್ನಡಕ ತೆಗೆದರು. ಕಲಬುರಗಿ ಕಡೆಯವರು, ನಾಗಪುರದಲ್ಲಿ ಇಪ್ಪತ್ತೆರಡು ವರ್ಷ ನೆಲೆಸಿ ನಿಯಮಾವಳಿಯ ಮೂರು ಸಂಪುಟ ಬಾಯಿಪಾಠ ಮಾಡಿದವರು. “ಸುಸ್ಥಿತಿ ಒಳಗ ಒಪ್ಪಸ್ರಿ ಅಂದೀವಿ ಅಷ್ಟ. ಬರೋಬರ್ ಓದ್ರಿ.”

ಮೊದಲು ಒಂದು ಸಮಿತಿ ನೇಮಕವಾಯಿತು. ನಿಧಾನಕ್ಕೆ ಸೆಕೆಯೇ ಕಾರಣವೆಂದು ಸಮಿತಿ ಕಂಡುಹಿಡಿದು, ನವೆಂಬರಿನ ಚಳಿಯಲ್ಲಿ ಕಂಪ್ಯೂಟರಿಗೆ ಲಾವಂಚದ ಕೂಲರ್ ಕೂಡಿಸಿತು. ನಿಧಾನ ಹೋಗಲಿಲ್ಲ, ಗುಮಾಸ್ತರಿಗೆ ನೆಗಡಿಯಾಯಿತು. ಎರಡನೇ ವರದಿಯ ಪ್ರಕಾರ ಅದನ್ನು ಪೂರ್ವಕ್ಕೆ ಮುಖ ಮಾಡಿ ಇಡಲಾಯಿತು. ಮೂರನೇ ವರದಿಯ ಪ್ರಕಾರ ಗಾಂಧಿಬಾಗಿನ ಪೇಟೆಯಿಂದ ಮಖಮಲ್ಲು ತರಿಸಿ ಗವಸು ಹೊಲಿಸಲಾಯಿತು. ಗವಸು ಹಾಕಿದಾಗ ಗಾಳಿ ಆಡದೆ ಕಂಪ್ಯೂಟರ್ ತಾನಾಗಿಯೇ ಆರಿಹೋಯಿತು. ‘ಆರಿರುವ ಅವಧಿಯಲ್ಲಿ ನಿಧಾನ ಕಂಡುಬಂದಿಲ್ಲ’ ಎಂದು ಸಮಿತಿ ಸಮಾಧಾನ ವ್ಯಕ್ತಪಡಿಸಿತು.

ಮುಂದಿನ ವಾರದ ಗುರುವಾರ ನೀಲಕಂಠಪ್ಪ ಬಂದ. ಇಳಕಲ್ಲಿನ ಮನೆತನ, ಮೂರು ತಲೆಮಾರಿನಿಂದ ಕಳಮನಾದಲ್ಲಿ ಹಣ್ಣಿನ ಅಡತಿ ವ್ಯಾಪಾರ. ಕೈಯಲ್ಲಿ ಕಿತ್ತಳೆಯ ಬುಟ್ಟಿ. ಒಂದು ಹಣ್ಣು ತೆಗೆದು ಕೃಷ್ಣವೇಣಿಯ ಮೇಜಿನ ಮೇಲಿಟ್ಟ. ಅದು ಉರುಳಲಿಲ್ಲ; ಇಟ್ಟಲ್ಲೇ ಕುಸಿದು ಕೂತಿತು.

“ಬಾಯಾರ, ನಿನ್ನೆ ಮುಂಜಾನೆ ಅರ್ಜಿ ಕೊಟ್ಟಾಗ ಇದು ಒಂದನೇ ದರ್ಜೆ ಇತ್ರಿ. ಪ್ರಮಾಣಪತ್ರ ಕೈಗೆ ಬರೂದ್ರಾಗ ಉಪ್ಪಿನಕಾಯಿ ಆಗೇತಿ. ಈಗ ಇದಕ್ಕ ಯಾವ ದರ್ಜೆ ಕೊಡ್ತೀರಿ?”

“ಕಂಪ್ಯೂಟರ್ ನಿಧಾನ ಐತ್ರಿ ಅಪ್ಪಾರ.”

“ಎದಕ್ಕ ನಿಧಾನ?”

ಎರಡು ವರ್ಷದಲ್ಲಿ, ಮೂರು ಸಮಿತಿ ವರದಿಯಲ್ಲಿ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಎಂದು ಕೃಷ್ಣವೇಣಿಗೆ ಆಗ ಹೊಳೆಯಿತು. ಧಂತೋಲಿಯ ಒಂದು ಸಂಸ್ಥೆಯಲ್ಲಿ ಅವಳು, ಕಚೇರಿಯ ಯಂತ್ರವನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯನ್ನು ಕಲಿಯಲು, ಮೂರು ತಿಂಗಳ ತರಗತಿಗೆ ಹೋಗಿದ್ದಳು. ಆ ಟಿಪ್ಪಣಿಯ ವಹಿ ಹುಡುಕಿ ತೆಗೆದಳು. ಕಚೇರಿಯಲ್ಲಿ ಇದ್ದದ್ದು ನಿಜವಾಗಿ ಒಂದೇ ಯಂತ್ರ; ಕೋಣೆಕೋಣೆಗಳಲ್ಲಿದ್ದವು ಬರೀ ಪರದೆ ಮತ್ತು ಕೀಲಿಮಣೆ, ಎಲ್ಲರ ಕೆಲಸವನ್ನೂ ಆ ಒಂದೇ ಯಂತ್ರ ಹೊರುತ್ತಿತ್ತು. ಮೊದಲು ಮೆಮರಿ ನೋಡಿದಳು: ಅರ್ಧ ಖಾಲಿ. ಡಿಸ್ಕ್ ನೋಡಿದಳು: ಮುಕ್ಕಾಲು ಖಾಲಿ. ಆಮೇಲೆ, ಯಂತ್ರದ ಹೊತ್ತನ್ನು ಯಾರು ಎಷ್ಟು ತಿನ್ನುತ್ತಿದ್ದಾರೆ ಎಂದು ಪಟ್ಟಿ ಮಾಡಿ ತೋರಿಸುವ ಆಜ್ಞೆ ಕೊಟ್ಟಳು.

ಪಟ್ಟಿಯ ತಲೆಯ ಮೇಲೆ, ನೂರಕ್ಕೆ ತೊಂಬತ್ತಾರು ಪಾಲು ತಿಂದು ಕೂತದ್ದು ಒಂದು ಮೀನು.

ನಿರ್ದೇಶಕ ಬೋಪಣ್ಣನವರ ಕೋಣೆಯ ಪರದೆಯ ಮೇಲೆ ಈಜುವ ಮೀನು ಅದು. ಕೀಲಿಮಣೆ ಮುಟ್ಟದೆ ಹತ್ತು ನಿಮಿಷ ಬಿಟ್ಟರೆ ತಾನಾಗಿ ಹುಟ್ಟಿಕೊಳ್ಳುವ ಸ್ಕ್ರೀನ್‌ಸೇವರ್. ನಿರ್ದೇಶಕರು ಎರಡು ವರ್ಷದಿಂದ ಕೀಲಿಮಣೆ ಮುಟ್ಟಿರಲಿಲ್ಲ. ಹಾಗಾಗಿ ಒಂದು ಕಿತ್ತಳೆ ಬಣ್ಣದ ಮೀನು, ಎರಡು ನೀಲಿ ಮೀನು, ಅವುಗಳ ಗುಳ್ಳೆ, ನೀರಿನೊಳಗೆ ತೂರಿಬರುವ ಬಿಸಿಲು ಇಷ್ಟನ್ನೂ ಕಚೇರಿಯ ಏಕೈಕ ಯಂತ್ರ ಹಗಲೂ ರಾತ್ರಿ ಚಿತ್ರಿಸುತ್ತ ಕೂತಿತ್ತು. ಪ್ರಮಾಣಪತ್ರದ ಪ್ರೋಗ್ರಾಮು ಪಟ್ಟಿಯ ತಳದಲ್ಲಿತ್ತು. ಅದರ ಪಾಲು ನೂರಕ್ಕೆ ಕಾಲು.

ಇದು ಹೀಗೇಕೆ ಎಂಬುದಕ್ಕೆ ದಾಖಲೆಯೇ ಇತ್ತು. ಲಿನಕ್ಸಿನಲ್ಲಿ ಪ್ರತಿಯೊಂದು ಪ್ರೋಗ್ರಾಮಿಗೂ ಆದ್ಯತೆಯ ಒಂದು ಅಂಕೆ ಕೊಡಬಹುದು. ಮೈನಸ್ ಇಪ್ಪತ್ತು ಎಂದರೆ ಎಲ್ಲರಿಗಿಂತ ಮೊದಲು. ಪ್ಲಸ್ ಹತ್ತೊಂಬತ್ತು ಎಂದರೆ ಎಲ್ಲರ ಊಟವಾದ ಮೇಲೆ ಉಳಿದರೆ. ಯಂತ್ರ ಕೂಡಿಸಲು ಬಂದ ಪುಣೆಯ ಎಂಜಿನಿಯರು “ಯಾರಿಗೆ ಎಷ್ಟು ಆದ್ಯತೆ ಕೊಡಲಿ?” ಎಂದು ಕೇಳಿದ್ದ. ಕಾಶೀನಾಥರಾಯರು ಅವನ ಕೈಗೆ ಕಚೇರಿಯ ಜ್ಯೇಷ್ಠತಾ ಪಟ್ಟಿ ಕೊಟ್ಟಿದ್ದರು. ಅವನು ಅದನ್ನೇ ಮೇಲಿನಿಂದ ಕೆಳಕ್ಕೆ ತುಂಬಿಕೊಂಡು ಹೋಗಿದ್ದ. ನಿರ್ದೇಶಕರಿಗೆ ಮೈನಸ್ ಇಪ್ಪತ್ತು, ಸಹಾಯಕ ನಿರ್ದೇಶಕರ ದರ್ಜೆಗೆ ಮೈನಸ್ ಹತ್ತೊಂಬತ್ತು, ಹೀಗೆ. ಪ್ರಮಾಣಪತ್ರದ ಪ್ರೋಗ್ರಾಮು ಕೊಳ್ಳಲು ಬಜೆಟ್ಟಿನಲ್ಲಿ ಶೀರ್ಷಿಕೆ ಇರಲಿಲ್ಲವಾಗಿ ಅದನ್ನು ರುದ್ರಪ್ಪನವರು ತೆರವು ಮಾಡಿದ ಕಿರಿಯ ಗುಮಾಸ್ತರ ಹುದ್ದೆಯ ಎದುರು ತೆಗೆದುಕೊಳ್ಳಲಾಗಿತ್ತು. ಜ್ಯೇಷ್ಠತಾ ಪಟ್ಟಿಯಲ್ಲಿ ಕೊನೆಯ ಹೆಸರು ಅದರದೇ. ಪ್ಲಸ್ ಹತ್ತೊಂಬತ್ತು.

ಕೃಷ್ಣವೇಣಿ ಇಷ್ಟನ್ನೂ ಒಂದು ಪುಟದ ಟಿಪ್ಪಣಿಯಲ್ಲಿ ಬರೆದು, ‘ಮೀನನ್ನು ತೆಗೆದರೆ ಕಂಪ್ಯೂಟರ್ ಸರಿಹೋಗುವುದು’ ಎಂದು ಮುಗಿಸಿ ಮಂಡಿಸಿದಳು. ಶನಿವಾರದ ರೈಲಿಗೆ ಟಿಕೆಟ್ ಇದೆಯೇ ಎಂದು ವಿಚಾರಿಸಿಯೂ ಬಂದಳು.

ಕಾಶೀನಾಥರಾಯರು ಟಿಪ್ಪಣಿಯನ್ನು ಎರಡು ಸಲ ಓದಿ ಬಾಗಿಲು ಹಾಕಿಸಿದರು.

“ಕೃಷ್ಣವೇಣಿ ಬಾಯಿ, ಆ ಮೀನು ಅಂದ್ರ ಏನಂತ ತಿಳಿದೀರಿ?”

“ಚಿತ್ರ ಅಲ್ರೀ ಸರ್.”

“ಚಿತ್ರ ಅಂತ! ಹೊರಗ ಕುಂತ ಮಂದಿ ಅರ್ಧ ಬಾಗಿಲ ಮ್ಯಾಲಿಂದ ಏನು ನೋಡತಾರ? ಮೀನು ಓಡ್ಯಾಡಾಕ ಹತ್ತಿದ್ರ ಸಾಹೇಬ್ರು ಕಚೇರಿ ಒಳಗ ಅದಾರ ಅಂತ ಅರ್ಥ. ಸಾಹೇಬ್ರು ಗಾಲ್ಫಿಗೆ ಹೋಗಿರ್ಲಿ, ಹಲ್ಲಿನ ಡಾಕ್ಟರ ಕಡೆ ಹೋಗಿರ್ಲಿ, ಮೀನು ಅದ ಅಂದ್ರ ಸಾಹೇಬ್ರು ಅದಾರ. ಮೊದಲ ಕುರ್ಚಿಗೆ ಕೋಟು ಹಾಕತಿದ್ವಿ. ಕೋಟು ಇಲಿ ಕಡದ್ವು.”

“ಹಂಗಾರ ಮೀನು ಇರ್ಲಿ. ಅದರ ಆದ್ಯತಿ ಒಂದೀಟು ಕಡಿಮಿ ಮಾಡೂಣು.”

ರಾಯರು ಟಿಪ್ಪಣಿಯನ್ನು ಅವಳತ್ತ ಹಿಂದಕ್ಕೆ ತಳ್ಳಿದರು. “ನಿರ್ದೇಶಕರ ದರ್ಜೆ ಕಡಿಮಿ ಮಾಡೂದು ಅಂದ್ರ ಹಿಂಬಡ್ತಿ ಆತಲ್ಲ! ದೋಷಾರೋಪ ಪಟ್ಟಿ ಬೇಕು, ವಿಚಾರಣೆ ಬೇಕು, ದಿಲ್ಲಿಯಿಂದ ಮಂಜೂರಾತಿ ಬೇಕು. ಯಾವ ಅಪರಾಧಕ್ಕ ಅಂತ ಬರೀಲಿ? ಗುಳ್ಳೆ ಬಿಟ್ಟದ್ದಕ್ಕ?”

ವಿಷಯ ನಿರ್ದೇಶಕರ ತನಕ ಹೋಯಿತು. ಬೋಪಣ್ಣನವರು ಕೊಡಗಿನವರು, ಮೃದು ಮಾತಿನ ಮನುಷ್ಯ. ನಿರ್ದೇಶಕರು, ರಾಯರು, ಕೃಷ್ಣವೇಣಿ ಈ ಮೂವರು ಒಟ್ಟಿಗೆ ಕೂತರೆ ಕಚೇರಿಯ ಮರಾಠಿ ಮಂದಿ ‘ಕರ್ನಾಟಕ ಭವನ ಚಾಲೂ ಆಯಿತು’ ಎನ್ನುತ್ತಿದ್ದರು. ಬೋಪಣ್ಣನವರು ಮೀನನ್ನು ನೋಡುತ್ತಲೇ ಕೇಳಿಸಿಕೊಂಡರು.

“ನೋಡಮ್ಮ, ನನಗೆ ಬೇಜಾರಿಲ್ಲ. ನನ್ನನ್ನು ಇಳಿಸೋಕ್ಕೆ ಆಗಲ್ಲ ಅಂತಾರೆ ಇವರು. ಆಗಲ್ಲ ಅಂದ ಮೇಲೆ ಆಗಲ್ಲ. ಆದರೆ ಆ ಪಾಪದ ಪ್ರೋಗ್ರಾಮನ್ನ ಮೇಲಕ್ಕೆ ಎತ್ತೋಕ್ಕೆ ಏನು ಅಡ್ಡಿ?”

ಕಾಶೀನಾಥರಾಯರು ನಿಧಾನವಾಗಿ ಎದ್ದು ನಿಂತರು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಅವರು ಮೇಲಧಿಕಾರಿಯೊಬ್ಬರ ಬಾಯಿಂದ ನಿಯಮಬದ್ಧವಾದ ಮಾತು ಕೇಳಿದ್ದು ಅದೇ ಮೊದಲು.

“ಸಾಹೇಬ್ರ,” ಎಂದರು ಕೈಮುಗಿದು, “ಬಡ್ತಿ ಕೊಡಬಹುದು.”

ಇಲಾಖಾ ಬಡ್ತಿ ಸಮಿತಿಯ ಕಲಾಪಗಳು ಎಲ್ಲ ಕ್ರಮದಂತೆ ನಡೆದವು. ಅಭ್ಯರ್ಥಿಯ ಹೆಸರು: ಪ್ರಮಾಣಪತ್ರ. ತಂದೆಯ ಹೆಸರು: ಗುತ್ತಿಗೆದಾರ. ವಯಸ್ಸು: ಎರಡು ವರ್ಷ ಒಂದು ತಿಂಗಳು. ವೈದ್ಯಕೀಯ ತಪಾಸಣೆಗೆ ಮೇಯೋ ರಸ್ತೆಯ ಒಬ್ಬ ವೈರಸ್ ತೆಗೆಯುವವನನ್ನು ಕರೆಸಲಾಯಿತು. ಅವನು ‘ಲಿನಕ್ಸಿಗೆ ಸಾಧಾರಣವಾಗಿ ಹಿಡಿಯುವುದಿಲ್ಲ’ ಎಂದದ್ದನ್ನು ‘ಆರೋಗ್ಯ ಉತ್ತಮ’ ಎಂದು ದಾಖಲಿಸಿಕೊಂಡರು. ಗೌಪ್ಯ ವರದಿ ಬರೆಯುವ ಹೊಣೆ ಕೃಷ್ಣವೇಣಿಯದು. ಅವಳು ಬರೆದಳು: ‘ಹಾಜರಾತಿ: ಇಪ್ಪತ್ತನಾಲ್ಕು ತಾಸು. ರಜೆ: ಪಡೆದಿಲ್ಲ. ಸಹೋದ್ಯೋಗಿಗಳೊಂದಿಗೆ ವರ್ತನೆ: ಯಾರೊಂದಿಗೂ ಮಾತಿಲ್ಲ. ಲಾರಿ ಮಾಲೀಕರಿಂದ ಚಹಾಪಾನ: ಇಲ್ಲ.’

ಕೊನೆಯ ಸಾಲಿನ ಬಳಿ ಸಮಿತಿ ತಡೆದು ನಿಂತಿತು. ಎರಡು ವರ್ಷದಲ್ಲಿ ಒಂದು ಕಪ್ ಚಹಾ ಕೂಡ ಮುಟ್ಟದ ನೌಕರ ಎಂದರೆ ಏನೋ ದೊಡ್ಡದನ್ನೇ ಮುಚ್ಚಿಟ್ಟಿರಬೇಕು ಎಂದು ಲೆಕ್ಕಪತ್ರ ಶಾಖೆಯವರು ಅನುಮಾನಪಟ್ಟರು. ಜಾಗೃತ ದಳದಿಂದ ‘ಆಕ್ಷೇಪಣೆ ಇಲ್ಲ’ ಬರುವವರೆಗೆ ಹನ್ನೆರಡು ದಿನ ಹೋದವು. ಆ ಹನ್ನೆರಡು ದಿನ ಕಳಮನಾದ ಲಾರಿಗಳು ಶೀತಲ ಗೋದಾಮಿನಲ್ಲಿ ನಿಂತವು. ಗೋದಾಮಿಗೆ ಮೇಲಂತಸ್ತು ಎದ್ದಿತು.

ಗುಮಾಸ್ತರಿಂದ ಮೇಲ್ವಿಚಾರಕ, ಅಲ್ಲಿಂದ ಅಧೀಕ್ಷಕ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದರೆ ಮೀನಿನ ಸರಿಸಮಕ್ಕೆ ಬರಲು ಹದಿನಾಲ್ಕು ವರ್ಷ ಬೇಕಾಗುತ್ತಿತ್ತು. ಅದಕ್ಕೆ ‘ಅಸಾಧಾರಣ ಸೇವೆ’ಯ ಕಲಮಿನಡಿ ಅದನ್ನು ಒಮ್ಮೆಲೇ ಸಹಾಯಕ ನಿರ್ದೇಶಕರನ್ನಾಗಿ ಮಾಡಲಾಯಿತು. ಆದೇಶ ಕೈಗೆ ಬಂದ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಕೃಷ್ಣವೇಣಿ ಅಂಕೆಯನ್ನು ಮೈನಸ್ ಹತ್ತೊಂಬತ್ತಕ್ಕೆ ಏರಿಸಿದಳು. ಮೀನು ಒಂದು ಗಳಿಗೆ ತಡವರಿಸಿ, ಒಂದೇ ಅಂಕೆಯ ಅಂತರ ಉಳಿದದ್ದರಿಂದ ಅರ್ಧ ಹಾದಿ ಬಿಟ್ಟುಕೊಟ್ಟಿತು. ಪ್ರಮಾಣಪತ್ರ ಮುಕ್ಕಾಲು ನಿಮಿಷದಲ್ಲಿ ಹೊರಬಿತ್ತು.

ನೀಲಕಂಠಪ್ಪ ಅದನ್ನು ಹಿಡಿದು ತಿರುವಿ ಮುರುವಿ ನೋಡಿದ. “ಬಾಯಾರ, ಇದು ಹಳೇದು ಅಲ್ಲ, ಹೌದಿಲ್ರಿ?”

“ಇವತ್ತಿಂದ ರೀ. ಶಾಯಿ ಹಸೀ ಐತಿ ನೋಡ್ರಿ.”

“ಹೋದ ತಿಂಗಳದ ಅರ್ಜಿದು ಇರಬೇಕು ಬಿಡ್ರಿ,” ಎಂದು ನಂಬದೆ ಹೊರಟವನು ಸಂಜೆ ಕಿತ್ತಳೆ ಹಣ್ಣಿನ ಸಂತ್ರಾ ಬರ್ಫಿಯ ಎರಡು ಡಬ್ಬಿ ತಂದ. ಒಂದು ಕಚೇರಿಗೆ, ಒಂದು ಹುಬ್ಬಳ್ಳಿಗೆ ಒಯ್ಯಲಿಕ್ಕೆ. ಆ ದಿನ ಎಂಬತ್ತೊಂದು ಲಾರಿ ಬಿಟ್ಟವು. ಕೃಷ್ಣವೇಣಿ ಗಂಡನಿಗೆ ಫೋನು ಮಾಡಿ, “ಗ್ಯಾಸಿನ ಸಿಲಿಂಡರ್ ಇನ್ನೊಂದು ಬುಕ್ ಮಾಡ್ರಿ, ಇಬ್ಬರಿಗೆ ಅಡಿಗಿ ಆಗಬೇಕಲ್ಲ,” ಎಂದಳು. ಕೇದಾರನಾಥ ಅವತ್ತೇ ಸಾಲಿಗೆ ನಿಂತು ಬುಕ್ ಮಾಡಿದ.

ಬುಧವಾರ ಕಾಶೀನಾಥರಾಯರು ಅವಳನ್ನು ಕರೆಸಿದರು. ಮೇಜಿನ ಮೇಲೆ ಎರಡನೇ ಸಂಪುಟ ತೆರೆದಿತ್ತು.

“ಅಭಿನಂದನೆ. ಕಂಪ್ಯೂಟರ್ ಸುಸ್ಥಿತಿ ಒಳಗ ಅದ ಅಂತ ನಾನೇ ಬರದೀನಿ. ಅದರಾಗೇನೂ ತಕರಾರಿಲ್ಲ.”

“ಹಂಗಾದ್ರ ನನ್ನ ಬಿಡುಗಡಿ ಆದೇಶ—”

“ಅದನ್ನ ಹೇಳಾಕ ಕರದೆ. ಪತ್ರಾಂಕಿತ ದರ್ಜೆಗೆ ಬಡ್ತಿ ಆದವ್ರು ಅದೇ ಊರಾಗ ಇರೂ ಹಂಗಿಲ್ಲ. ಕಲಮು ನಲವತ್ತೊಂದು, ಉಪಕಲಮು ಮೂರು. ಬಡ್ತಿಯ ಜೋಡಿ ವರ್ಗಾವಣಿ ಕಡ್ಡಾಯ. ಸಹಾಯಕ ನಿರ್ದೇಶಕರ ಖಾಲಿ ಕುರ್ಚಿ ಇಡೀ ಮಂಡಳಿ ಒಳಗ ಒಂದ ಅದ.”

ಕೃಷ್ಣವೇಣಿಗೆ ಯಾವ ಊರು ಎಂದು ಕೇಳಬೇಕಾಗಲಿಲ್ಲ.

“ಸರ್, ಅದು ಪ್ರೋಗ್ರಾಮ್ ರೀ.”

“ಗೊತ್ತಮ್ಮ. ಆದ್ರ ಕಾಯಂ ಅಧಿಕಾರಿ. ನೀವು ಪ್ರಭಾರಿ. ‘ಕಾಯಂ ಅಧಿಕಾರಿ ದೊರೆಯುವವರೆಗೆ’ ಅಂತ ನಿಮ್ಮ ಆದೇಶದಾಗ ಸಾಫ್ ಬರದೈತಿ. ಈಗ ದೊರೆತಾರ.”

“ಬೇಕಾದ್ರ ಅದರ ಒಂದು ಕಾಪಿ ಹುಬ್ಬಳ್ಳಿಗೆ ಕಳಸ್ರಿ, ಇಲ್ಲೂ ಇರ್ಲಿ. ಎರಡೂ ಕಡೆ ನಡೀತೈತಿ. ಅಷ್ಟ ಸರಳ ಐತ್ರಿ.”

“ಒಬ್ಬ ಅಧಿಕಾರಿ ಒಂದೇ ದಿನ ಎರಡು ಊರಾಗ ಹಾಜರಿ?” ರಾಯರು ದನಿ ತಗ್ಗಿಸಿದರು. “ಹಂಗ ಮಾಡಿ ಭಂಡಾರಾ ಕಚೇರಿಯವ ಒಬ್ಬ ನೌಕರಿ ಕಳಕೊಂಡು ಮನಿಗೆ ಹೋದ, ಗೊತ್ತೇನು? ನಿಮ್ಮ ಬಾಯಿಂದ ಇಂಥ ಮಾತು ಬಂತು ಅಂತ ನಾ ಎಲ್ಲೂ ಹೇಳೂದಿಲ್ಲ.”

“ಹಂಗಾರ ಇಲ್ಲಿ ಪ್ರಮಾಣಪತ್ರ ಯಾರು ಕೊಡೂದು?”

“ನೀವ ಅದೀರಲ್ಲ. ಕಾರ್ಬನ್ ಹಾಳಿ ಮಳಿಗ್ಯಾಗ ಅದಾವ.”

ವರ್ಗಾವಣೆಯಾದ ಅಧಿಕಾರಿಯ ಕೆಲಸ ಅಂದೇ ನಿಲ್ಲಿಸಲಾಯಿತು; ಬೀಳ್ಕೊಡುಗೆ ಶುಕ್ರವಾರ ನಡೆಯಿತು. ಪ್ರೋಗ್ರಾಮನ್ನು ಒಂದು ಸೀಡಿಗೆ ಬರೆದು, ಯಂತ್ರದಿಂದ ಅಳಿಸಿ, ಅಳಿಸಿದ್ದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಪಡೆಯಲಾಯಿತು. ಸೀಡಿಗೆ ಶಾಲು ಹೊದಿಸಿದರು. ಶಾಲು ಜಾರಿತು, ಗುಂಡುಸೂಜಿ ಚುಚ್ಚಲು ಹೋದವರನ್ನು ಕೃಷ್ಣವೇಣಿ ಚೀರಿ ತಡೆದಳು. ಭಾಷಣ ಮಾಡಿದವರೆಲ್ಲ ಇಷ್ಟು ನಿಗರ್ವಿಯಾದ ಅಧಿಕಾರಿಯನ್ನು ತಾವು ಕಂಡಿಲ್ಲ ಎಂದರು. ನೀಲಕಂಠಪ್ಪ ಗುಲಾಬಿ ಹಾರ ತಂದಿದ್ದ. “ಒಂದ ದಿನ ಅಧಿಕಾರಿ ಆಗಿದ್ರು,” ಎಂದು ಕಣ್ಣೊರೆಸಿಕೊಂಡ. “ಆದ್ರ ಆ ಒಂದ ದಿನದಾಗ ಎಂಬತ್ತೊಂದು ಲಾರಿ. ಇಂಥವರನ್ನ ಎಲ್ಲಿ ಇರಗೊಡತಾರ್ರಿ?”

ಪತ್ರಾಂಕಿತ ಅಧಿಕಾರಿಗೆ ರೈಲಿನಲ್ಲಿ ಹವಾನಿಯಂತ್ರಿತ ಎರಡನೇ ದರ್ಜೆಯ ಅರ್ಹತೆ ಇತ್ತು. ಬೆಂಗಾವಲಿಗೆ ಹೋಗುವ ಸಾಂಖ್ಯಿಕ ಸಹಾಯಕಿಗೆ ಸ್ಲೀಪರ್. ಹೀಗಾಗಿ ಸೀಡಿ ಕೆಳಗಿನ ಬರ್ತಿನಲ್ಲಿ ಇಸ್ತ್ರಿ ಮಾಡಿದ ಚಾದರ ಹೊದ್ದು ಮಲಗಿತು. ಕೃಷ್ಣವೇಣಿ ಆರು ಬೋಗಿ ಆಚೆ, ಯಾರದೋ ನೆಲ್ಲಿಕಾಯಿಯ ಚೀಲದ ಮೇಲೆ ಕಾಲಿಟ್ಟುಕೊಂಡು ಕೂತಳು. ಗಾಡಿ ಹೆಚ್ಚು ಹೊತ್ತು ನಿಂತಲ್ಲೆಲ್ಲ ಪ್ಲಾಟ್‌ಫಾರ್ಮಿನ ಮೇಲೆ ಓಡಿ ಹೋಗಿ ಕ್ಷೇಮ ವಿಚಾರಿಸಿ ಬಂದಳು. ಟಿಕೆಟ್ ತಪಾಸಣೆಯವನು ಪ್ರವಾಸಿಯ ಹೆಸರು, ವಯಸ್ಸು, ಸರಕಾರಿ ಪತ್ರ ಎಲ್ಲ ನೋಡಿ, ಮೇಲಿನ ಬರ್ತಿನ ಮುದುಕರಿಗೆ, “ಸಾಹೇಬ್ ಸೋ ರಹೇ ಹೈಂ, ಲೈಟ್ ಬಂದ್ ಕೀಜಿಯೇ,” ಎಂದು, ಮಲಗಿದ ಸಾಹೇಬರಿಗಾಗಿ ದೀಪ ಆರಿಸಲು ಹೇಳಿ ಮುಂದೆ ಹೋದ.

ಹುಬ್ಬಳ್ಳಿ ನಿಲ್ದಾಣದಲ್ಲಿ ಕೇದಾರನಾಥ ನಿಂತಿದ್ದ. ಉಪಕಚೇರಿಯ ಜವಾನ ತಮ್ಮಯ್ಯನೂ ನಿಂತಿದ್ದ, ಹಾರ ಹಿಡಿದುಕೊಂಡು. ಹಾರ ಸೀಡಿಗೆ ಬಿತ್ತು.

“ಎಷ್ಟು ದಿನ ಇರತಿ?” ಗಂಡ ಕೇಳಿದ.

“ನಾಳಿ ಮಧ್ಯಾಹ್ನದ ಗಾಡಿ. ಬೆಂಗಾವಲಿಗೆ ಒಂದ ರಾತ್ರಿ ಮಂಜೂರು ಮಾಡ್ಯಾರ.”

ಕೇದಾರನಾಥ ಅವಳ ಕೈಚೀಲ ಎತ್ತಿಕೊಂಡ. ಆಮೇಲೆ, “ಸಿಲಿಂಡರ್ ಬಂದೈತಿ,” ಎಂದ. ಇಬ್ಬರೂ ಹೊರಗೆ ಬಂದು ಆಟೋ ಹಿಡಿದರು. ಮುಂದಿನ ಆಟೋದಲ್ಲಿ ತಮ್ಮಯ್ಯ, ಸೀಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಸಹಾಯಕ ನಿರ್ದೇಶಕರು ಅಂದೇ ಪೂರ್ವಾಹ್ನ ಕಾರ್ಯಭಾರ ವಹಿಸಿಕೊಂಡರು. ಉಪಕಚೇರಿಯಲ್ಲಿ ಕಂಪ್ಯೂಟರ್ ಇರಲಿಲ್ಲವಾದ್ದರಿಂದ ಅವರನ್ನು ಕುರ್ಚಿಯ ಮೇಲೆ ಇಡಲಾಯಿತು. ಮಾವಿನ ಹಂಗಾಮಿಗೆ ಇನ್ನೂ ನಾಲ್ಕು ತಿಂಗಳಿತ್ತು, ಅವಸರವೇನೂ ಇರಲಿಲ್ಲ. ಇತ್ತ ನಾಗಪುರದಲ್ಲಿ, ಯಾವ ಕೆಲಸವೂ ಉಳಿಯದ ಯಂತ್ರ ಮಿಂಚಿನ ವೇಗ ಪಡೆದು, ಆ ಸಾಲಿನ ಉತ್ತಮ ಗಣಕೀಕೃತ ಕಚೇರಿ ಎಂಬ ಫಲಕ ಗೆದ್ದಿತು. ಕೃಷ್ಣವೇಣಿ ಕಾರ್ಬನ್ ಹಾಳೆ ಇಟ್ಟು ನಾಲ್ಕು ನಿಮಿಷಕ್ಕೊಂದು ಪ್ರಮಾಣಪತ್ರ ಬರೆಯತೊಡಗಿದಳು. ಅದು ವೇಗ ಹೆಚ್ಚಾಯಿತೆಂದು ಆಡಳಿತಾಧಿಕಾರಿಗಳು ಪ್ರತಿ ಪತ್ರಕ್ಕೂ ಅರ್ಧ ತಾಸಿನ ಪರಿಶೀಲನೆ ಕಡ್ಡಾಯ ಮಾಡಿದರು.

ನಿಯಮದಂತೆ ಸಹಾಯಕ ನಿರ್ದೇಶಕರು ಮುಂದಿನ ಬಡ್ತಿಗೆ ಐದು ವರ್ಷ ಸೇವೆ ಸಲ್ಲಿಸಬೇಕು. ಬಡ್ತಿಯಾದರೆ ಹುಬ್ಬಳ್ಳಿ ಬಿಡಲೇಬೇಕು. ಬಿಟ್ಟರೆ ಕುರ್ಚಿ ಖಾಲಿ, ಖಾಲಿಯಾದರೆ ಮತ್ತೆ ಪ್ರಭಾರಿ ಬೇಕು. ಇದನ್ನು ಮನಗಂಡು ಕೇದಾರನಾಥ ಪ್ರತಿ ಶನಿವಾರ ಅರ್ಧ ದಿನದ ಬ್ಯಾಂಕು ಮುಗಿಸಿ ಉಪಕಚೇರಿಗೆ ಹೋಗುತ್ತಾನೆ. ಸೀಡಿಯ ಧೂಳು ಹೊಡೆದು, ಗೀರು ಬಿದ್ದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ವಾರದ ಹಾಜರಾತಿ ತುಂಬಿಸಿ ಬರುತ್ತಾನೆ. ತಮ್ಮಯ್ಯ ಅವನಿಗೂ ಸಾಹೇಬರಿಗೂ ಚಹಾ ತರಿಸುತ್ತಾನೆ. ಒಂದು ಕಪ್ ಹಾಗೇ ಉಳಿಯುತ್ತದೆ.

ಓಣಿಯಲ್ಲಿ ಎದುರಿಗೆ ಸಿಕ್ಕವರು ಕೇಳುತ್ತಾರೆ: “ಏನ್ರೀ ಕೇದಾರನಾಥ, ಮನಿಯವ್ರು ಹುಬ್ಬಳ್ಳಿಗೆ ಯಾವಾಗ ಬರೂದು?”

“ಸಾಹೇಬ್ರಿಗೆ ಬಡ್ತಿ ಆಗೂದ ತಡ ರೀ.”

“ಹಂಗಾರ ಆತು ಬಿಡ್ರಿ,” ಎನ್ನುತ್ತಾರೆ ಅವರು. “ಛಲೋ ಸಾಹೇಬ್ರು ಇರಬೇಕು.”

“ಭಾಳ ಛಲೋ ರೀ. ಒಂದ ಮಾತು ಆಡೂದಿಲ್ಲ.”